ಸರಣಿ ಕಾದಂಬರಿಯ ಮುಂದಿನ ಪುಸ್ತಕ: ಮೊದಲು ಹಳೆಯದನ್ನು ಓದಿ, ಆಮೇಲೆ ಹೊಸದನ್ನು ಯೋಚಿಸಿ

ಮೊದಲ ಕಾದಂಬರಿ ಬರೆಯುವಾಗ ಎಲ್ಲವೂ ನಿಮ್ಮ ಕೈಯಲ್ಲಿರುತ್ತದೆ. ನಾಯಕಿಗೆ ಒಬ್ಬಳು ಅಕ್ಕ ಇರುವುದು ಬೇಡ ಅನ್ನಿಸಿದರೆ ಅಕ್ಕನನ್ನು ಕತೆಯಿಂದ ತೆಗೆಯಬಹುದು. ಕತೆ ಸಾಗರದಲ್ಲಿ ನಡೆಯುವುದಕ್ಕಿಂತ ಶಿರಸಿಯಲ್ಲಿ ನಡೆದರೆ ಚೆನ್ನ ಅಂತ ಅರ್ಧ ಬರೆದ ಮೇಲೆ ಹೊಳೆದರೂ ಪರವಾಗಿಲ್ಲ. ಹಿಂದಕ್ಕೆ ಹೋಗಿ ತಿದ್ದಿದರಾಯಿತು. ಮುಂದಿನ ಭಾಗಕ್ಕೆ ಕೂತಾಗ ಈ ಅನುಕೂಲ ಇರುವುದಿಲ್ಲ. ಮೊದಲನೆಯದು ಅಚ್ಚಾಗಿ ಓದುಗರ ಮನೆ ಸೇರಿದೆ. ಅಕ್ಕ ಇದ್ದಾಳೆ, ಊರು ಇದೆ, ಮೂರನೇ ಅಧ್ಯಾಯದಲ್ಲಿ ಸುಮ್ನೆ ಬರೆದ ಒಂದು ಸಾಲೂ ಇದೆ. ಯಾವುದನ್ನೂ ಅಳಿಸಲು ಬರುವುದಿಲ್ಲ.

ಹಾಗಾಗಿ ಸರಣಿಯ ಮುಂದಿನ ಕಾದಂಬರಿಯ ಯೋಜನೆ ಹೊಸ ಕತೆ ಹುಡುಕುವುದರಿಂದ ಶುರುವಾಗಬಾರದು ಅಂತ ನಾನು ಬಲವಾಗಿ ನಂಬುತ್ತೇನೆ. ಅದು ಹಳೆಯ ಪುಸ್ತಕವನ್ನು ಓದುವುದರಿಂದ ಶುರುವಾಗಬೇಕು. ಅಲ್ಲಿ ಏನೇನು ಹೇಳಿದ್ದೀರಿ, ಏನೇನು ಹೇಳದೆ ಬಿಟ್ಟಿದ್ದೀರಿ, ಓದುಗರಿಗೆ ಯಾವ ಆಸೆ ಹುಟ್ಟಿಸಿದ್ದೀರಿ ಅನ್ನುವುದು ಗೊತ್ತಾದರೆ ಮುಂದಿನ ಕತೆಯ ಅರ್ಧ ತಾನಾಗಿ ಕಾಣುತ್ತದೆ.

ಸರಣಿ ಅಂದರೆ ಒಂದೇ ಬಗೆಯದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನೆನಪಿಸಿಕೊಳ್ಳಿ. ಪುಸ್ತಕದಿಂದ ಪುಸ್ತಕಕ್ಕೆ ಪತ್ತೇದಾರ ಅವನೇ. ಪ್ರಕರಣ ಮಾತ್ರ ಹೊಸದು. ಯಾವ ಪುಸ್ತಕ ಮೊದಲು ಕೈಗೆ ಸಿಕ್ಕಿದರೂ ಓದಬಹುದು. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳ ದಾರಿ ಬೇರೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರೂ ಸೇರಿದರೆ ಒಂದು ಕತೆ. ಒಂದನ್ನು ಓದಿ ನಿಲ್ಲಿಸಿದರೆ ಕತೆ ನಡುದಾರಿಯಲ್ಲೇ ನಿಲ್ಲುತ್ತದೆ. ಅದೇ ದುರ್ಗದ ಮೇಲೆ ಅವರು ಕೊನೆಗೆ ಬರೆದ 'ದುರ್ಗಾಸ್ತಮಾನ' ಇನ್ನೊಂದು ಸವಾಲನ್ನು ಎದುರಿಸಿದ ಪುಸ್ತಕ. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು ಅಂತ ಓದುಗರಿಗೆ ಮೊದಲೇ ಗೊತ್ತು. ಕೊನೆ ಗೊತ್ತಿರುವ ಕತೆಯಲ್ಲಿ ಕುತೂಹಲವನ್ನು ಎಲ್ಲಿಂದ ತರಬೇಕು? ಐತಿಹಾಸಿಕ ಸರಣಿ ಬರೆಯುವವರು ಯೋಜನೆ ಮಾಡುವಾಗ ಮೊದಲು ಉತ್ತರಿಸಬೇಕಾದ ಪ್ರಶ್ನೆ ಅದು.

ಈ ಎರಡರ ನಡುವೆ ಮೂರನೆಯದೊಂದು ಬಗೆ ಇದೆ. ಪ್ರತಿ ಪುಸ್ತಕದಲ್ಲಿ ಒಂದು ಪ್ರಕರಣ ಶುರುವಾಗಿ ಮುಗಿಯುತ್ತದೆ. ಆದರೆ ಮುಖ್ಯ ಪಾತ್ರದ ಬದುಕು ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುತ್ತದೆ. ಯೋಜನೆಗೆ ಇದೇ ಎಲ್ಲಕ್ಕಿಂತ ಕಷ್ಟ. ಇಲ್ಲಿ ಎರಡು ಬಗೆಯ ಓದುಗರಿಗೂ ಒಟ್ಟಿಗೆ ನ್ಯಾಯ ಸಲ್ಲಿಸಬೇಕು. ಹಾಗಾಗಿ ಇದನ್ನೇ ಇಟ್ಟುಕೊಂಡು ನೋಡೋಣ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿರಸಿಯ ಠಾಣೆಯಲ್ಲಿ ಒಬ್ಬಳು ಪಿಎಸ್‌ಐ. ಮೊದಲ ಕಾದಂಬರಿ 2022ರ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ನಡೆದಿದೆ. ಜಾತ್ರೆಯ ಗದ್ದಲದಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಕೊಲೆ. ಅವಳು ಕೊಲೆಗಾರನನ್ನು ಹಿಡಿದಿದ್ದಾಳೆ. ಪುಸ್ತಕ ಓದಿದವರು ಮೆಚ್ಚಿದ್ದಾರೆ. ಎರಡನೆಯದು ಯಾವಾಗ ಅಂತ ಪ್ರಕಾಶಕರು ಕೇಳುತ್ತಿದ್ದಾರೆ.

ಪೆನ್ಸಿಲ್ ಹಿಡಿದು ಓದುವುದು

ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ತಗುಲಿದ್ದು ಭುಜಕ್ಕೆ. 1890ರ ಎರಡನೇ ಕಾದಂಬರಿಯಲ್ಲಿ ಗಾಯ ಕಾಲಿಗೆ ಇಳಿದಿದೆ. ವಾಟ್ಸನ್‌ನ ಹೆಸರು ಜಾನ್. 1891ರ ಒಂದು ಕತೆಯಲ್ಲಿ ಅವನ ಹೆಂಡತಿಯೇ ಅವನನ್ನು ಜೇಮ್ಸ್ ಅನ್ನುತ್ತಾಳೆ. ಇದಕ್ಕೆ ಸಮಾಧಾನ ಹುಡುಕುತ್ತಾ ಹೋಮ್ಸ್ ಅಭಿಮಾನಿಗಳು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ವಾದ ಮಾಡುತ್ತಿದ್ದಾರೆ. ಹೋಮ್ಸ್‌ನಷ್ಟು ದೊಡ್ಡ ಪಾತ್ರವಾದ್ದರಿಂದ ಓದುಗರು ಅದನ್ನು ಪ್ರೀತಿಯಿಂದ ಸಹಿಸಿಕೊಂಡರು. ಹೊಸ ಲೇಖಕರಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಆದ್ದರಿಂದ ಮೊದಲ ಪುಸ್ತಕವನ್ನು ಪೆನ್ಸಿಲ್ ಹಿಡಿದು, ಬೇರೆ ಯಾರೋ ಬರೆದದ್ದು ಅಂದುಕೊಂಡು ಓದಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಬರೆದುಕೊಳ್ಳುವ ಪ್ರತಿ ಸಂಗತಿಯ ಮುಂದೆ ಪುಟದ ಸಂಖ್ಯೆ ಹಾಕಿ. ಇದು ಬೇಸರದ ಕೆಲಸ ಅನ್ನಿಸಬಹುದು. ಆದರೆ ಆರು ತಿಂಗಳ ನಂತರ ರಾತ್ರಿ ಬರೆಯುತ್ತಾ ಕೂತಾಗ ಅಪ್ಪನ ಮನೆಗೆ ಮಹಡಿ ಇತ್ತೋ ಇಲ್ಲವೋ ಅಂತ ಹುಡುಕಲು ಇಡೀ ಪುಸ್ತಕ ತಿರುವಬೇಕಾಗಿ ಬಂದರೆ ಬರೆಯುವ ಹುರುಪೇ ಹೋಗುತ್ತದೆ.

ನಮ್ಮ ಪಿಎಸ್‌ಐ ಬಗ್ಗೆ ಏನು ಸಿಗುತ್ತದೆ ನೋಡಿ. ವಯಸ್ಸು 31. ಎಡ ಮಂಡಿಗೆ ಪೆಟ್ಟಾಗಿತ್ತು, ಮೆಟ್ಟಿಲು ಇಳಿಯುವಾಗ ನೋವು. ಚಹಾ ಕುಡಿಯುವುದಿಲ್ಲ, ಕಷಾಯವೇ ಆಗಬೇಕು. ಅಪ್ಪ ನಿವೃತ್ತ ಮೇಷ್ಟ್ರು, ಅವರಿಗೆ ಮರೆವು ಶುರುವಾಗಿದೆ. ಮೂರನೇ ಅಧ್ಯಾಯದಲ್ಲಿ ಒಂದು ಸಾಲು ಇದೆ: ಅವಳು ಇದುವರೆಗೆ ಒಬ್ಬ ಮನುಷ್ಯನ ಕಡೆಗೆ ಪಿಸ್ತೂಲು ತೋರಿಸಿದವಳಲ್ಲ. ಬರೆಯುವಾಗ ಅದು ಪಾತ್ರ ಪರಿಚಯದ ಒಂದು ಸಾಲು ಅಷ್ಟೇ. ಈಗ ಅದಕ್ಕೆ ತೂಕ ಬಂದಿದೆ. ಎರಡನೇ ಪುಸ್ತಕದಲ್ಲಿ ಅವಳು ಪಿಸ್ತೂಲು ಎತ್ತಿದರೆ ಅದು ಅವಳ ಬದುಕಿನಲ್ಲಿ ಮೊದಲ ಸಲ. ಅದನ್ನು ಯಾವುದೋ ಓಡಾಟದ ದೃಶ್ಯದಲ್ಲಿ ಖರ್ಚು ಮಾಡಿಬಿಡಬಾರದು. ಎಲ್ಲಿ, ಯಾರ ಮುಂದೆ ಅಂತ ಯೋಚಿಸಿ ಇಡಬೇಕು. ಹಳೆಯ ಪುಸ್ತಕ ಓದುವುದರ ಲಾಭ ಇದು. ತಪ್ಪು ತಪ್ಪಿಸಿಕೊಳ್ಳುವುದು ಅದರ ಸಣ್ಣ ಪ್ರಯೋಜನ. ದೊಡ್ಡ ಪ್ರಯೋಜನ ಏನೆಂದರೆ, ನೀವೇ ಮರೆತಿದ್ದ ಸಾಲುಗಳು ಮುಂದಿನ ಕತೆಗೆ ದೃಶ್ಯ ಕೊಡುತ್ತವೆ.

ನೋಟ್‌ಬುಕ್ ಚೊಕ್ಕಟವಾಗಿ ಇರಲೇಬೇಕೆಂದಿಲ್ಲ. ಅಗಾಥಾ ಕ್ರಿಸ್ಟಿ ಬಿಟ್ಟುಹೋದ 73 ನೋಟ್‌ಬುಕ್‌ಗಳಲ್ಲಿ ಕೊಲೆಯ ಯೋಚನೆಗಳ ಪಕ್ಕದಲ್ಲೇ ಮನೆಸಾಮಾನಿನ ಪಟ್ಟಿಗಳೂ ಇವೆ. ಈಗಿನ ಕೆಲವರು ಕಂಪ್ಯೂಟರಿನಲ್ಲಿ ತಮ್ಮ ಸರಣಿಗೇ ಒಂದು ವಿಕಿ ಮಾಡಿಕೊಳ್ಳುತ್ತಾರೆ. ಎಕ್ಸೆಲ್ ಹಾಳೆಯಾದರೂ ಸಾಕು. ಹುಡುಕಿದಾಗ ಸಿಗಬೇಕು, ಅಷ್ಟೇ.

ಓದುತ್ತಾ ಇನ್ನೂ ಎರಡು ಸಂಗತಿ ಗುರುತು ಮಾಡಿಕೊಳ್ಳಬೇಕು. ಒಂದು, ಉತ್ತರ ಸಿಗದ ಪ್ರಶ್ನೆಗಳು. ಸತ್ತ ವ್ಯಾಪಾರಿಯ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ ಹರಿದಿತ್ತು. ಯಾರು ಹರಿದರು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಕೊಲೆಗಾರ ಸಿಕ್ಕಿದ ಖುಷಿಯಲ್ಲಿ ನೀವೂ ಅದನ್ನು ಬಿಟ್ಟಿರಿ. ಓದುಗರಲ್ಲಿ ಕೆಲವರು ಬಿಟ್ಟಿಲ್ಲ. ಇನ್ನೊಂದು, ಮುಗಿಯದ ಸಂಬಂಧಗಳು. ಠಾಣೆಯ ಹೆಡ್ ಕಾನ್‌ಸ್ಟೇಬಲ್ ತನ್ನ ಅಳಿಯನನ್ನು ಉಳಿಸಲು ಒಂದು ಹೇಳಿಕೆಯನ್ನು ತಪ್ಪಾಗಿ ಬರೆದಿದ್ದ. ಅದು ಅವಳಿಗೆ ಗೊತ್ತಾಯಿತು. ಪ್ರಕರಣಕ್ಕೆ ತೊಂದರೆ ಆಗಲಿಲ್ಲವಲ್ಲ ಅಂತ ಸುಮ್ಮನಾದಳು. ಇಬ್ಬರೂ ಈಗ ಅದೇ ಠಾಣೆಯಲ್ಲಿ ದಿನಾ ಎದುರುಬದುರು ಕೂರುತ್ತಾರೆ. ಈ ಮೌನ ಎಷ್ಟು ದಿನ ನಡೆದೀತು?

ಈ ಪಟ್ಟಿ ಮುಗಿದ ಮೇಲೆ ಪ್ರತಿಯೊಂದರ ಮುಂದೆ ನಿರ್ಧಾರ ಬರೆಯಿರಿ: ಈ ಪುಸ್ತಕದಲ್ಲಿ ತೀರಿಸುವುದು, ಮುಂದಕ್ಕೆ ಒಯ್ಯುವುದು, ಅಥವಾ ಹಾಗೇ ಬಿಡುವುದು. ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ತೀರಿಸಲು ಹೋದರೆ ಅದು ಹೊಸ ಕಾದಂಬರಿ ಆಗುವುದಿಲ್ಲ, ಹಳೆಯದರ ಉಳಿದ ಅಧ್ಯಾಯ ಆಗುತ್ತದೆ. ಒಂದನ್ನೂ ತೀರಿಸದಿದ್ದರೆ ಓದುಗರಿಗೆ ಕೋಪ ಬರುತ್ತದೆ, ಅದು ನ್ಯಾಯವೂ ಹೌದು. ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಬೇಕು, ಇನ್ನೊಂದು ಸ್ವಲ್ಪ ಮುಂದೆ ಸರಿಯಬೇಕು. ನಮ್ಮ ಉದಾಹರಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್‌ನ ಸುಳ್ಳು ಈ ಪುಸ್ತಕದಲ್ಲೇ ಇತ್ಯರ್ಥ ಆಗಲಿ. ಹರಿದ ಹಾಳೆಯ ಒಂದು ತುಣುಕು ಕಾಣಿಸಲಿ.

ಕತೆಯ ಕಾಲ, ಕ್ಯಾಲೆಂಡರಿನ ಕಾಲ

ಸರಣಿಯಲ್ಲಿ ಕಾಲ ಹೇಗೆ ನಡೆಯುತ್ತದೆ ಅನ್ನುವುದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಅದು ಮೊದಲೇ ಆಗಬೇಕಾದ ನಿರ್ಧಾರ. ಕ್ರಿಸ್ಟಿಯವರ ಪೊಯ್ರೋ 1920ರ ಮೊದಲ ಪುಸ್ತಕದಲ್ಲೇ ನಿವೃತ್ತ ಪೊಲೀಸ್ ಅಧಿಕಾರಿ. ಅವನ ಕೊನೆಯ ಪುಸ್ತಕ ಬಂದದ್ದು 1975ರಲ್ಲಿ. ಲೆಕ್ಕ ಹಾಕಿದರೆ ಅವನಿಗೆ ನೂರು ದಾಟಿರಬೇಕು. ಅಷ್ಟು ವಯಸ್ಸಿನವನನ್ನು ಇಟ್ಟುಕೊಂಡು ಶುರು ಮಾಡಿದ್ದು ತಪ್ಪಾಯಿತು ಅಂತ ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಮೆರಿಕದ ಸೂ ಗ್ರಾಫ್ಟನ್ ಬೇರೆ ದಾರಿ ಹಿಡಿದರು. ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದು ಅಕ್ಷರಕ್ಕೆ ಒಂದು ಪುಸ್ತಕ. ಮೊದಲನೆಯದು ಬಂದದ್ದು 1982ರಲ್ಲಿ, 25ನೆಯದು 2017ರಲ್ಲಿ. ಆದರೆ ಕತೆಯೊಳಗೆ ಕಾಲ 1982ರಿಂದ 1989ಕ್ಕೆ ಮಾತ್ರ ಬಂದಿತ್ತು. ಪತ್ತೇದಾರಿಣಿ ನಿಧಾನವಾಗಿ ವಯಸ್ಸಾಗುತ್ತಾ ಬಂದಳು, ಅವಳ ಕೈಗೆ ಮೊಬೈಲ್ ಬರಲೇ ಇಲ್ಲ. ಬಂಗಾಳದಲ್ಲಿ ಎರಡೂ ದಾರಿಗಳಿವೆ. ಸತ್ಯಜಿತ್ ರೇ ಅವರ ಪತ್ತೇದಾರ ಫೆಲೂದಾಗೆ ಹೆಚ್ಚು ಕಡಿಮೆ ವಯಸ್ಸೇ ಆಗುವುದಿಲ್ಲ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಮದುವೆಯಾಗುತ್ತಾನೆ, ಅಪ್ಪ ಆಗುತ್ತಾನೆ, ಮುದುಕನೂ ಆಗುತ್ತಾನೆ.

ಯಾವುದು ಸರಿ ಅಂತ ಇಲ್ಲ. ಒಂದನ್ನು ಆರಿಸಿ, ಅದಕ್ಕೆ ಕಟ್ಟುಬಿದ್ದು ನಡೆಯಬೇಕು. ನಮ್ಮ ಪಿಎಸ್‌ಐ ಕತೆಯಲ್ಲಿ ಅಪ್ಪನಿಗೆ ಮರೆವು ಶುರುವಾಗಿದೆ. ಅಲ್ಲಿಗೆ ಆಯ್ಕೆ ಮುಗಿದಂತೆಯೇ. ಮರೆವಿನ ಕಾಯಿಲೆ ನಿಂತಲ್ಲೇ ನಿಲ್ಲುವುದಿಲ್ಲ. ಕತೆಯ ಕಾಲವೂ ನಡೆಯಲೇಬೇಕು.

ನಿಜವಾದ ಊರು, ನಿಜವಾದ ವರ್ಷ ಇಟ್ಟುಕೊಂಡರೆ ಕ್ಯಾಲೆಂಡರ್ ಕೂಡ ಕತೆಗೆ ಕೈ ಹಾಕುತ್ತದೆ. ಮೊದಲ ಪುಸ್ತಕದ ಜಾತ್ರೆ ಎಲ್ಲರಿಗೂ ಹಿಡಿಸಿತು, ಮುಂದಿನ ವರ್ಷದ ಜಾತ್ರೆಯಲ್ಲೇ ಎರಡನೆಯದೂ ಇರಲಿ ಅಂತ ನಿಮಗೆ ಅನ್ನಿಸಬಹುದು. ಆಗುವುದಿಲ್ಲ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022 ಆದ ಮೇಲೆ 2024ರ ಮಾರ್ಚ್. 2023ರಲ್ಲಿ ಜಾತ್ರೆ ಇಟ್ಟರೆ ಆ ಸೀಮೆಯ ಓದುಗರು ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ.

ಸರಿ, ಜಾತ್ರೆ ಬಿಡೋಣ, ಮಳೆಗಾಲ ಇರಲಿ. ಮಲೆನಾಡಿನ ಮಳೆ ಪತ್ತೇದಾರಿ ಕತೆಗೆ ಹೇಳಿ ಮಾಡಿಸಿದ್ದು. ಹೆಜ್ಜೆ ಗುರುತು ಉಳಿಯುವುದಿಲ್ಲ, ಕರೆಂಟು ಇರುವುದಿಲ್ಲ, ಫೋನು ಸಿಗುವುದಿಲ್ಲ. 2024ರ ಮಳೆಗಾಲ ಅಂದುಕೊಳ್ಳಿ. ಆ ವರ್ಷದ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೊದಲ ಪುಸ್ತಕದಲ್ಲಿ ಕೊಲೆಗೆ ಸೆಕ್ಷನ್ 302 ಹಾಕಿದ ಅದೇ ಠಾಣೆ ಈಗ 103 ಹಾಕಬೇಕು. ಅಸಹಜ ಸಾವಿನ ವರದಿ, ಅಂದರೆ ಯುಡಿಆರ್, ಹಿಂದೆ ಸಿಆರ್‌ಪಿಸಿ 174ರಲ್ಲಿ ದಾಖಲಾಗುತ್ತಿತ್ತು, ಈಗ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 194. ಇಪ್ಪತ್ತು ವರ್ಷ ಹಳೆಯ ಸೆಕ್ಷನ್‌ಗಳನ್ನೇ ಬರೆದ ಹೆಡ್ ಕಾನ್‌ಸ್ಟೇಬಲ್‌ನ ಕೈ ಹೊಸ ಸಂಖ್ಯೆಗೆ ತಡವರಿಸುವುದೇ ಒಂದು ಒಳ್ಳೆಯ ದೃಶ್ಯ.

ಇನ್ನೊಂದು ಸಂಗತಿಯನ್ನು ಗೌರವದಿಂದ ನೋಡಬೇಕು. 2024ರ ಜುಲೈ 16ರಂದು ಅದೇ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿ ನದಿಯಲ್ಲಿ ಎಷ್ಟೋ ದಿನ ಹುಡುಕಾಟ ನಡೆಯಿತು. ಆ ವಾರಗಳಲ್ಲಿ ಉತ್ತರ ಕನ್ನಡದ ಪೊಲೀಸರ ಕತೆ ಬರೆದು ಶಿರೂರಿನ ಹೆಸರೇ ಎತ್ತದಿದ್ದರೆ ಓದುಗರಿಗೆ ಅದು ಸುಳ್ಳು ಕಾಣುತ್ತದೆ. ಅದನ್ನೇ ಕತೆಯ ತಿರುವಾಗಿ ಬಳಸಿಕೊಳ್ಳುವುದು, ಸತ್ತವರ ಮನೆಯವರು ಇನ್ನೂ ಇರುವಾಗ, ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಕತೆಯನ್ನು ಮುಂದಕ್ಕೆ ಸರಿಸೋಣ. ಆಗಸ್ಟ್ ಕೊನೆಯ ವಾರದಲ್ಲಿ ಶುರು, ಸೆಪ್ಟೆಂಬರ್ 7ರ ಚೌತಿಗೆ ಮುಕ್ತಾಯ. ಪ್ರಕರಣ ಇದು: ಕೊಳೆ ರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ ಕೊನೆಗೌಡ, ಅಂದರೆ ಮರ ಹತ್ತುವ ಕೆಲಸದವನು, ಬಿದ್ದು ಸತ್ತಿದ್ದಾನೆ. ಎಲ್ಲರೂ ಕಾಲು ಜಾರಿತು ಅನ್ನುತ್ತಾರೆ. ಅವನು ಕೂರುತ್ತಿದ್ದ ಮಣೆಯ ಹಗ್ಗ ಹೊಸದಾಗಿತ್ತು ಅನ್ನುವುದು ಅವಳಿಗೆ ಮಾತ್ರ ಕಾಣುತ್ತದೆ.

ಗಮನಿಸಿ, ಪ್ರಕರಣ ಹುಟ್ಟಿದ್ದು ಈಗ. ತಿಂಗಳು ಗೊತ್ತಾದ ಮೇಲೆ, ಆ ತಿಂಗಳಲ್ಲಿ ಆ ಊರಿನಲ್ಲಿ ಜನ ಏನು ಕೆಲಸ ಮಾಡುತ್ತಿರುತ್ತಾರೆ ಅಂತ ಕೇಳಿಕೊಂಡ ಮೇಲೆ.

ಹೆಣೆಯುವ ಹಾಳೆ

ಇನ್ನು ಅಧ್ಯಾಯಗಳ ಯೋಜನೆ. ಜೆ.ಕೆ. ರೌಲಿಂಗ್ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕಕ್ಕೆ ಮಾಡಿಕೊಂಡಿದ್ದ ಒಂದು ಹಾಳೆಯನ್ನು ನಂತರ ಎಲ್ಲರಿಗೂ ತೋರಿಸಿದರು. ಸರಣಿ ಬರೆಯುವವರೆಲ್ಲ ಒಮ್ಮೆ ನೋಡಬೇಕಾದ ಹಾಳೆ ಅದು. ಗೆರೆ ಇರುವ ಸಾಮಾನ್ಯ ಕಾಗದ, ಕೈಬರಹ. ಎಡದಿಂದ ಅಧ್ಯಾಯದ ಸಂಖ್ಯೆ, ತಿಂಗಳು, ಶೀರ್ಷಿಕೆ, ಆ ಅಧ್ಯಾಯದ ಮುಖ್ಯ ಘಟನೆ. ಇಷ್ಟನ್ನು ಯಾರು ಬೇಕಾದರೂ ಮಾಡಿಕೊಳ್ಳುತ್ತಾರೆ. ಅಲ್ಲಿಂದ ಬಲಕ್ಕೆ ಇರುವ ಅಂಕಣಗಳಲ್ಲಿ ಅಸಲಿ ಕೆಲಸ ಇದೆ. ಭವಿಷ್ಯವಾಣಿಗೆ ಒಂದು ಅಂಕಣ. ಹ್ಯಾರಿ ಮತ್ತು ಚೋ, ಜಿನ್ನಿ ಎಂಬ ಹುಡುಗಿಯರಿಗೆ ಒಂದು. ಮಕ್ಕಳ ಗುಪ್ತ ತರಬೇತಿ ಗುಂಪಿಗೆ ಒಂದು, ದೊಡ್ಡವರ ಗುಪ್ತ ಸಂಘಕ್ಕೆ ಒಂದು. ಸ್ನೇಪ್ ಮೇಷ್ಟ್ರು ಮತ್ತು ಹ್ಯಾರಿಗೆ ಒಂದು. ಹ್ಯಾಗ್ರಿಡ್ ಮತ್ತು ಅವನ ದೈತ್ಯ ತಮ್ಮನಿಗೆ ಒಂದು.

ಇದರ ಉಪಯೋಗ ಅಡ್ಡಕ್ಕೂ ಓದಬಹುದು, ಉದ್ದಕ್ಕೂ ಓದಬಹುದು ಅನ್ನುವುದರಲ್ಲಿದೆ. ಅಡ್ಡಕ್ಕೆ ಓದಿದರೆ ಒಂದು ಅಧ್ಯಾಯ ನಡೆಯುವ ಹೊತ್ತಿಗೆ ಪ್ರತಿ ಎಳೆ ಎಲ್ಲಿದೆ ಅಂತ ಕಾಣುತ್ತದೆ, ಆ ಅಧ್ಯಾಯದಲ್ಲಿ ಓದುಗರಿಗೆ ತೋರಿಸದ ಎಳೆ ಕೂಡ. ಉದ್ದಕ್ಕೆ ಓದಿದರೆ ಒಂದು ಎಳೆ ಎಲ್ಲಿ ಹುಟ್ಟಿ, ಎಲ್ಲಿ ಕಾಣೆಯಾಗಿ, ಎಲ್ಲಿ ಮತ್ತೆ ಬಂತು ಅಂತ ತಿಳಿಯುತ್ತದೆ. ಒಂದು ಅಂಕಣ ಎಂಟು ಅಧ್ಯಾಯ ಖಾಲಿ ಇದ್ದರೆ ಓದುಗರು ಆ ಎಳೆಯನ್ನು ಮರೆತಿರುತ್ತಾರೆ. ಒಂಬತ್ತನೆಯದರಲ್ಲಿ ಅದನ್ನು ದೊಡ್ಡ ಸದ್ದಿನೊಂದಿಗೆ ತಂದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ನಡುವೆ ಒಂದು ಸಾಲಿನ ನೆನಪಾದರೂ ಬೇಕು. ಒಂದೊಂದು ಅಧ್ಯಾಯಕ್ಕೆ ಒಂದು ಪ್ಯಾರಾ ಸಾರಾಂಶ ಬರೆಯುತ್ತಾ ಹೋಗುವ ಔಟ್‌ಲೈನ್‌ನಲ್ಲಿ ಈ ಖಾಲಿ ಜಾಗ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿಯೇ ನನಗೆ ಹಾಳೆಯ ಪದ್ಧತಿ ಇಷ್ಟ.

ಶಿರಸಿಯ ಕತೆಗೆ ಅಂಕಣಗಳು ಹೀಗೆ: ದಿನಾಂಕ ಮತ್ತು ಮಳೆ, ಪ್ರಕರಣ, ಅಪ್ಪ, ಹೆಡ್ ಕಾನ್‌ಸ್ಟೇಬಲ್, ಹರಿದ ಹಾಳೆ. ಕೊನೆಯಲ್ಲಿ ಇನ್ನೊಂದು ಬಹಳ ಮುಖ್ಯ: ಕೊಲೆಗಾರ ಈ ಹೊತ್ತಿಗೆ ಏನು ಮಾಡುತ್ತಿದ್ದಾನೆ? ಈ ಕೊನೆಯ ಅಂಕಣದ ಬಹುಪಾಲು ಪುಸ್ತಕದಲ್ಲಿ ಬರುವುದೇ ಇಲ್ಲ. ಆದರೆ ಅದನ್ನು ತುಂಬಿಸದ ಪತ್ತೇದಾರಿ ಕತೆಯಲ್ಲಿ ಕೊಲೆಗಾರ ಸುಮ್ನೆ ಕೂತು ಸಿಕ್ಕಿಬೀಳುವುದನ್ನು ಕಾಯುತ್ತಿರುತ್ತಾನೆ. ಏಳನೇ ಅಧ್ಯಾಯದ ಸಾಲನ್ನು ತುಂಬಿಸಿ ನೋಡೋಣ. ದಿನಾಂಕ ಆಗಸ್ಟ್ 30, ಬೆಳಿಗ್ಗೆಯಿಂದ ಬಿಡದ ಮಳೆ. ಪ್ರಕರಣ: ಹೊಸ ಹಗ್ಗ ಕೊಂಡ ಅಂಗಡಿ ಪತ್ತೆ. ಅಪ್ಪ: ಪೇಟೆಗೆ ಹೋದವರು ದಾರಿ ತಪ್ಪಿದ್ದಾರೆ. ಹೆಡ್ ಕಾನ್‌ಸ್ಟೇಬಲ್: ಅಪ್ಪನನ್ನು ಹುಡುಕಿ ಮನೆಗೆ ತಂದು ಬಿಡುತ್ತಾನೆ. ಹರಿದ ಹಾಳೆ: ಏನೂ ಇಲ್ಲ. ಕೊಲೆಗಾರ: ಅದೇ ಅಂಗಡಿಗೆ ಹೋಗಿ ಹಳೆಯ ಬಿಲ್ಲು ಕೇಳುತ್ತಾನೆ.

ಈ ಸಾಲು ಬರೆದ ಮೇಲೆ ಒಂದು ಹೊಸ ಸಂಗತಿ ಕಾಣುತ್ತದೆ. ಅಪ್ಪನನ್ನು ಕರೆತಂದ ಮನುಷ್ಯನ ವಿರುದ್ಧ ಮುಂದಿನ ವಾರ ಅವಳು ವರದಿ ಬರೆಯಬೇಕು. ಎರಡು ಬೇರೆ ಅಂಕಣಗಳು ಒಂದನ್ನೊಂದು ಮುಟ್ಟಿದವು. ಬಿಡಿಬಿಡಿಯಾಗಿ ಯೋಚಿಸಿದ್ದರೆ ಈ ಇಕ್ಕಟ್ಟು ಹೊಳೆಯುತ್ತಲೇ ಇರಲಿಲ್ಲ. ಹೀಗೆ ಎಲ್ಲೆಲ್ಲಿ ಎರಡು ಎಳೆ ಕೂಡುತ್ತವೋ ಅಲ್ಲಿ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ. ಪುಸ್ತಕದ ಗಟ್ಟಿ ಅಧ್ಯಾಯಗಳು ಅವೇ ಆಗಿರುತ್ತವೆ.

ಮೊದಲ ಪುಸ್ತಕ ಓದದವರು

ಎರಡನೇ ಪುಸ್ತಕವನ್ನೇ ಮೊದಲು ಕೈಗೆತ್ತಿಕೊಳ್ಳುವವರು ಇದ್ದೇ ಇರುತ್ತಾರೆ. ಪುಸ್ತಕ ಮೇಳದಲ್ಲಿ ಹೊಸದು ಮುಂದೆ ಕಾಣುತ್ತದೆ, ಹಳೆಯದರ ಪ್ರತಿ ಮುಗಿದಿರುತ್ತದೆ. ಅವರಿಗೆ ಹಿಂದಿನ ಕತೆ ತಿಳಿಸಬೇಕು, ಹಳಬರಿಗೆ ಬೇಸರ ಬರಿಸಬಾರದು. ಸುಲಭದ ದಾರಿ ಅಂದರೆ ಹೀಗೆ ಬರೆಯುವುದು:

"ಎರಡು ವರ್ಷದ ಹಿಂದೆ ಅಡಿಕೆ ವ್ಯಾಪಾರಿಯ ಕೊಲೆ ಪ್ರಕರಣದಲ್ಲಿ ಹೆಡ್ ಕಾನ್‌ಸ್ಟೇಬಲ್ ತನ್ನ ಅಳಿಯನನ್ನು ಉಳಿಸಲು ಹೇಳಿಕೆಯನ್ನು ತಪ್ಪಾಗಿ ಬರೆದಿದ್ದ. ಅದು ಗೊತ್ತಿದ್ದೂ ಅವಳು ಸುಮ್ಮನಿದ್ದಳು."

ಮಾಹಿತಿ ಪೂರ್ತಿ ಇದೆ, ದೃಶ್ಯ ಇಲ್ಲ. ಹಳೆಯ ಓದುಗರು ಇಂಥ ಪ್ಯಾರಾ ಹಾರಿಸುತ್ತಾರೆ. ಅದನ್ನೇ ಹೀಗೆ ಬರೆದರೆ?

ಹೆಡ್ ಕಾನ್‌ಸ್ಟೇಬಲ್ ಕಷಾಯದ ಲೋಟ ಮೇಜಿನ ಮೇಲಿಟ್ಟ. "ಮೇಡಂ, ಸತ್ತವನ ಹೆಂಡತಿ ಹೇಳಿಕೆ ನಾ ಬರ್ಕೊಳ್ಳಲಾ?"

"ಬೇಡ. ಈ ಸಲ ನಾನೇ ಬರ್ಕೋತೀನಿ."

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಗೆ ಹೋದ. ಲೋಟ ಅಲ್ಲೇ ಉಳಿಯಿತು.

ಹಳೆಯ ಓದುಗರಿಗೆ 'ಈ ಸಲ' ಅನ್ನುವುದು ಸಾಕು. ಹೊಸಬರಿಗೆ ಇವರಿಬ್ಬರ ನಡುವೆ ಏನೋ ಆಗಿದೆ ಅನ್ನುವ ಕುತೂಹಲ ಹುಟ್ಟುತ್ತದೆ, ಇನ್ನೂ ನಾಲ್ಕು ಅಧ್ಯಾಯ ಕಾಯಲು ಅವರು ತಯಾರಿರುತ್ತಾರೆ. ಹಿಂದಿನ ಕತೆಯನ್ನು ಪೂರ್ತಿ ಹೇಳುವ ಜಾಗವನ್ನು ಹಾಳೆಯಲ್ಲೇ ಗುರುತು ಮಾಡಿ. ಆ ಗುಟ್ಟು ಗೊತ್ತಾಗದೆ ಈಗಿನ ಕತೆ ಮುಂದೆ ಹೋಗುವುದೇ ಇಲ್ಲ ಅನ್ನುವ ಅಧ್ಯಾಯದಲ್ಲಿ ಹೇಳಿದರೆ ಅದು ಹಳೆಯ ವಿವರಣೆ ಅನ್ನಿಸುವುದಿಲ್ಲ, ಈಗಿನ ಘಟನೆಯೇ ಆಗುತ್ತದೆ. ಮೊದಲ ಪುಸ್ತಕದ ಕೊಲೆಗಾರ ಯಾರು ಅಂತ ಮಾತ್ರ ಹೇಳಬೇಡಿ. ಎರಡನೆಯದನ್ನು ಮೆಚ್ಚಿದವರು ಮೊದಲನೆಯದನ್ನು ಹುಡುಕಿಕೊಂಡು ಹೋಗುತ್ತಾರೆ.

ಯೋಜನೆ ಮುರಿದಾಗ

ಇಷ್ಟೆಲ್ಲ ಮಾಡಿದ ಮೇಲೂ ಯೋಜನೆ ಮುರಿಯುತ್ತದೆ. ರೌಲಿಂಗ್ ಸರಣಿಯ ಏಳೂ ಪುಸ್ತಕಗಳನ್ನು ಮೊದಲೇ ಯೋಜಿಸಿದ್ದವರು. ಆದರೂ ನಾಲ್ಕನೆಯದರ ಅರ್ಧ ದಾರಿಯಲ್ಲಿ ಕಥಾವಸ್ತುವಿನಲ್ಲೊಂದು ದೊಡ್ಡ ತೂತು ಕಂಡಿತು. ಅಲ್ಲಿಯವರೆಗೆ ಬರೆದದ್ದರಲ್ಲಿ ಒಂದಿಡೀ ಪಾತ್ರವನ್ನೇ ತೆಗೆದು ಮತ್ತೆ ಕಟ್ಟಿದರು. ಪುಸ್ತಕ 2000ರಲ್ಲಿ ಬಂದಾಗ ಇನ್ನೊಂದು ತಪ್ಪು ಉಳಿದಿತ್ತು. ಒಂದು ದೃಶ್ಯದಲ್ಲಿ ಮಂತ್ರದಂಡದೊಳಗಿಂದ, ಅದರಿಂದ ಸತ್ತವರ ನೆರಳುಗಳು ಹಿಂದುಮುಂದಾಗಿ, ಅಂದರೆ ಕೊನೆಗೆ ಸತ್ತವರು ಮೊದಲು ಬರಬೇಕು. ಮೊದಲ ಮುದ್ರಣದಲ್ಲಿ ಹ್ಯಾರಿಯ ಅಪ್ಪ ಅಮ್ಮನಿಗಿಂತ ಮೊದಲು ಬಂದುಬಿಟ್ಟರು. ಸತ್ತದ್ದೂ ಅವರೇ ಮೊದಲು. ನಂತರದ ಮುದ್ರಣಗಳಲ್ಲಿ ಅದನ್ನು ಸರಿಪಡಿಸಿದರು.

ಜಾರ್ಜ್ ಆರ್.ಆರ್. ಮಾರ್ಟಿನ್ ಅವರಿಗೆ ಆದದ್ದು ಇನ್ನೂ ದೊಡ್ಡದು. ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಮೂರನೇ ಪುಸ್ತಕ 2000ರಲ್ಲಿ ಬಂತು. ನಾಲ್ಕನೆಯದನ್ನು ಕತೆಯೊಳಗೆ ಐದು ವರ್ಷ ಕಳೆದ ಮೇಲೆ ಶುರು ಮಾಡುವುದು ಅಂತ ಅವರ ಯೋಜನೆ ಇತ್ತು. ಮಕ್ಕಳಾಗಿದ್ದ ಪಾತ್ರಗಳು ದೊಡ್ಡವಾಗಲಿ ಅಂತ. ಕೆಲವು ಪಾತ್ರಗಳಿಗೆ ಅದು ಒಗ್ಗಿತು. ಬೇರೆ ಪಾತ್ರಗಳ ವಿಷಯದಲ್ಲಿ ಐದು ವರ್ಷ ಏನೂ ನಡೆಯದೆ ಇದ್ದೀತೇ ಅನ್ನುವ ಪ್ರಶ್ನೆ ಬಂತು, ನಡೆದದ್ದನ್ನೆಲ್ಲ ಹಿಂದಿನ ನೆನಪಾಗಿ ಹೇಳುತ್ತಾ ಹೋಗಬೇಕಾಯಿತು. ಬರೆದದ್ದನ್ನು ಬಿಟ್ಟು ಆ ಐದು ವರ್ಷದ ಅಂತರವನ್ನೇ ಕೈಬಿಟ್ಟರು. ನಾಲ್ಕನೆಯದು 2005ರಲ್ಲಿ ಬಂತು, ಅದೂ ಅರ್ಧದಷ್ಟು ಪಾತ್ರಗಳ ಕತೆ ಮಾತ್ರ. ಉಳಿದವರ ಕತೆ 2011ರ ಐದನೆಯದಕ್ಕೆ ಹೋಯಿತು. ಕಾಲ ಹಾರಿಸುವ ಯೋಚನೆ ಇರುವವರು ಇದರಿಂದ ಒಂದು ಪರೀಕ್ಷೆ ಎತ್ತಿಕೊಳ್ಳಬಹುದು. ಹಾರಿಸುವ ಅವಧಿಯಲ್ಲಿ ಪ್ರತಿ ಮುಖ್ಯ ಪಾತ್ರ ಏನು ಮಾಡುತ್ತಿತ್ತು ಅಂತ ಒಂದೊಂದು ಸಾಲು ಬರೆಯಿರಿ. ಆ ಸಾಲು ಒಂದು ಪ್ಯಾರಾ ಆಗಿ ಬೆಳೆದರೆ ಆ ಕಾಲವನ್ನು ಹಾರಿಸಲು ಬರುವುದಿಲ್ಲ, ಅಲ್ಲಿ ಕತೆ ಇದೆ ಅಂತ ಅರ್ಥ.

ನೀವು ಬರೆಯುತ್ತಾ ಹೋದಂತೆ ಹಾಳೆಯನ್ನೂ ತಿದ್ದುತ್ತಾ ಇರಿ. ಹದಿನಾಲ್ಕನೇ ಅಧ್ಯಾಯದಲ್ಲಿ ಪಾತ್ರ ಬೇರೆ ದಾರಿ ಹಿಡಿದರೆ ತಡೆಯಬೇಡಿ. ಅಧ್ಯಾಯ ಮುಗಿಸಿ, ಹಾಳೆಗೆ ವಾಪಸ್ ಬಂದು, ಮುಂದಿನ ಸಾಲುಗಳನ್ನು ಪೆನ್ಸಿಲಿನಲ್ಲಿ ಬದಲಿಸಿ. ಹಿಂದಿನ ಅಧ್ಯಾಯಗಳಲ್ಲಿ ಏನು ತಿದ್ದಬೇಕು ಅಂತ ಪಕ್ಕದಲ್ಲಿ ಬರೆದಿಡಿ, ಆದರೆ ಆಗಲೇ ತಿದ್ದಲು ಹೋಗಬೇಡಿ. ಮೊದಲ ಕರಡು ಮುಗಿಯುವ ಮೊದಲು ಹಿಂದಕ್ಕೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ.

ಸರಣಿ ಎಲ್ಲಿ ಮುಗಿಯುತ್ತದೆ

ಎರಡನೇ ಪುಸ್ತಕದ ಯೋಜನೆಯಲ್ಲಿ ಕೊನೆಯ ಪುಸ್ತಕದ ಬಗ್ಗೆ ಒಂದು ಸಾಲಾದರೂ ಇರಬೇಕು. ಕ್ರಿಸ್ಟಿ ಪೊಯ್ರೋನ ಕೊನೆಯ ಕಾದಂಬರಿಯನ್ನು ಎರಡನೇ ಮಹಾಯುದ್ಧದ ಸಮಯದಲ್ಲೇ ಬರೆದು ತೆಗೆದಿಟ್ಟಿದ್ದರು. ಅದು ಹೊರಗೆ ಬಂದದ್ದು ಮೂರು ದಶಕ ಕಳೆದ ಮೇಲೆ. ಅಷ್ಟು ದೂರ ಹೋಗಬೇಕಾಗಿಲ್ಲ. ಆದರೆ ಎಷ್ಟು ಪುಸ್ತಕ ಅನ್ನುವ ಅಂದಾಜು ಇಲ್ಲದಿದ್ದರೆ ಈಗಿನ ಪುಸ್ತಕದಲ್ಲಿ ಯಾವ ಎಳೆಯನ್ನು ಎಷ್ಟು ಎಳೆಯಬೇಕು ಅಂತ ತಿಳಿಯುವುದಿಲ್ಲ.

ಅಪ್ಪನ ಮರೆವನ್ನೇ ತೆಗೆದುಕೊಳ್ಳಿ. ಸರಣಿ ಮೂರು ಪುಸ್ತಕದ್ದಾದರೆ ಎರಡನೆಯದರ ಕೊನೆಯಲ್ಲಿ ಅಪ್ಪ ಮಗಳ ಹೆಸರು ಮರೆತಿರಬೇಕು. ಮೂರನೆಯದರಲ್ಲಿ ಅವಳು ಎದುರಿಸಬೇಕಾದದ್ದು ಅದನ್ನೇ. ಸರಣಿ ಏಳು ಪುಸ್ತಕದ್ದಾದರೆ ಅವರು ಈಗ ಪೇಟೆಯಲ್ಲಿ ದಾರಿ ತಪ್ಪಿದರೆ ಸಾಕು, ಹೆಸರು ಇನ್ನೂ ಬಹಳ ದಿನ ನೆನಪಿರಲಿ. ಏಳನೇ ಅಧ್ಯಾಯದ ಆ ಖಾನೆಯಲ್ಲಿ ಏನು ಬರೆಯಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಆ ಅಂದಾಜು ಆದ ಮೇಲೆಯೇ ಅಪ್ಪ ಬರುವ ದೃಶ್ಯಗಳನ್ನು ಬರೆಯಲು ಕೂರಿ. ಪ್ರಕರಣದ ಅಧ್ಯಾಯಗಳನ್ನು ಬೇಕಾದರೆ ಇವತ್ತೇ ಶುರು ಮಾಡಬಹುದು.